ವಿದೇಶದಲ್ಲಿ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟ್: ಹನ್ನೊಂದನೇ ದಿನದವರೆಗೆ ಕಾಯಬೇಡಿ

ನಮ್ಮ ಮಗಳು ಹುಟ್ಟಿದ್ದು ದುಬೈಯಲ್ಲಿ, ಬೆಳಗಿನ ಜಾವ. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಹುಡುಗಿ ಒಂದು ಫಾರಂ ಹಿಡಿದುಕೊಂಡು ಬಂದು ಮಗುವಿನ ಹೆಸರೇನು ಅಂತ ಕೇಳಿದಳು. ನಾನು ತೀರ್ಥಹಳ್ಳಿಗೆ ಫೋನ್ ಮಾಡಿದೆ. "ಹನ್ನೊಂದು ದಿನ ಆಗದೆ ಹೆಸರಿಡ್ತಾರಾ? ನಿಂಗೆ ತಲೆ ಸಮ ಇದ್ಯಾ ಮಾರಾಯ? ಭಟ್ರು ಇನ್ನೂ ಜಾತಕವೇ ಬರೆದಿಲ್ಲ" ಅಂದಳು ಅಮ್ಮ. ಫಾರಂ ಹಿಡಿದ ಹುಡುಗಿ ಪಕ್ಕದಲ್ಲೇ ನಿಂತಿದ್ದಳು.

ಆ ಫಾರಂನಲ್ಲಿ ಬರೆದ ಹೆಸರೇ ಜನನ ಪ್ರಮಾಣಪತ್ರಕ್ಕೆ ಹೋಗುತ್ತದೆ. ಅಲ್ಲಿಂದ ಪಾಸ್‌ಪೋರ್ಟಿಗೆ, ಪಾಸ್‌ಪೋರ್ಟಿನಿಂದ ವೀಸಾಕ್ಕೆ, ಮುಂದೆ ಶಾಲೆಗೆ. ಮೊದಲ ಕಾಗದದಲ್ಲಿ ಒಂದಕ್ಷರ ತಪ್ಪಿದರೂ ಕೊನೆಯ ಕಾಗದದವರೆಗೆ ಅದು ಬಾಲದ ಹಾಗೆ ಹಿಂದೆಯೇ ಬರುತ್ತದೆ. ಈಗ ನಾವು ಶಿವಮೊಗ್ಗಕ್ಕೆ ವಾಪಸ್ ಬಂದಿದ್ದೇವೆ. ಬಾಣಂತನಕ್ಕೆ ಅಂತ ಹೊರಗಿನ ದೇಶಕ್ಕೆ ಹೊರಟ ಅಮ್ಮಂದಿರು ಲೇಹ್ಯ, ಮೆಣಸಿನಪುಡಿ ಕಟ್ಟುವ ಗಡಿಬಿಡಿಯಲ್ಲೇ "ಮಗುವಿಗೆ ಪಾಸ್‌ಪೋರ್ಟ್ ಹೇಗಪ್ಪಾ?" ಅಂತ ನನ್ನನ್ನು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಸಲ ಬರೆದುಬಿಡುವುದು ಸುಲಭ.

ಮೊದಲು, ಯಾವ ದೇಶ ನೋಡಿ

ಎಲ್ಲಿ ಹುಟ್ಟಿದರೂ ಆ ದೇಶದ ಪಾಸ್‌ಪೋರ್ಟ್ ಸಿಗುತ್ತದೆ ಅನ್ನುವುದು ನಮ್ಮ ಕಡೆ ತುಂಬಾ ಜನರ ನಂಬಿಕೆ. ಹಾಗೇನಿಲ್ಲ. ಕೊಲ್ಲಿ ದೇಶಗಳಲ್ಲಿ ಅಪ್ಪ ಅಮ್ಮ ಇಪ್ಪತ್ತು ವರ್ಷ ದುಡಿದಿದ್ದರೂ ಮಗುವಿಗೆ ಅಲ್ಲಿನ ಪಾಸ್‌ಪೋರ್ಟ್ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ 1983ರಿಂದ ಬರೀ ಅಲ್ಲಿ ಹುಟ್ಟಿದರೆ ಸಾಲದು, ತಂದೆ ತಾಯಿಯಲ್ಲಿ ಒಬ್ಬರಾದರೂ ಅಲ್ಲಿನ ಪ್ರಜೆ ಅಥವಾ ಕಾಯಂ ನಿವಾಸಿ ಆಗಿರಬೇಕು. ಆಸ್ಟ್ರೇಲಿಯಾದಲ್ಲೂ 1986ರಿಂದ ಹೆಚ್ಚುಕಡಿಮೆ ಇದೇ ಕಥೆ. ಅಮೆರಿಕ, ಕೆನಡಾ ಬೇರೆ, ಅಲ್ಲಿನ ನೆಲದಲ್ಲಿ ಹುಟ್ಟಿದ್ದೇ ಆಧಾರ. ಅಮೆರಿಕದಲ್ಲಿ ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಇದನ್ನು ನಿಲ್ಲಿಸಲು 2025ರ ಜನವರಿಯಲ್ಲಿ ಅಧ್ಯಕ್ಷರ ಆದೇಶವೊಂದು ಹೊರಟು ಕೋರ್ಟಿನ ಮೆಟ್ಟಿಲು ಹತ್ತಿತು. ಹಾಗಾಗಿ ಹೆರಿಗೆಯ ಹೊತ್ತಿಗೆ ನಿಯಮ ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ. ಅಮೆರಿಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮದುವೆ ಆಲ್ಬಮ್ ಇದೆ, ಸರ್ಟಿಫಿಕೇಟ್ ಇಲ್ಲ

ಮಗುವಿನ ಪಾಸ್‌ಪೋರ್ಟಿನ ಕೆಲಸ ಶುರುವಾಗುವುದು ಮಗು ಹುಟ್ಟಿದ ಮೇಲೆ ಅಲ್ಲ, ನಿಮ್ಮ ಮದುವೆಯ ದಿನದಿಂದ. ದುಬೈ ಇರುವ ಯುಎಇ ದೇಶದಲ್ಲಿ ಜನನ ಪ್ರಮಾಣಪತ್ರ ಮಾಡಿಸಲು ದೃಢೀಕರಿಸಿದ ಮದುವೆ ಪ್ರಮಾಣಪತ್ರ ಕೇಳುತ್ತಾರೆ. ನಮ್ಮ ಮದುವೆ ಕಲ್ಯಾಣ ಮಂಟಪದಲ್ಲಿ ಭರ್ಜರಿಯಾಗಿ ಆಗಿತ್ತು. ಮೂರು ಆಲ್ಬಮ್, ಒಂದು ವಿಡಿಯೋ, ಊಟದ್ದೇ ಬೇರೆ ಫೋಟೋ, ಎಲ್ಲಾ ಇತ್ತು. ರಿಜಿಸ್ಟರ್ ಮಾಡಿಸಿರಲಿಲ್ಲ ಅಷ್ಟೇ. ಆಗ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಗಂಡ ಹೆಂಡತಿ ಇಬ್ಬರೂ ಖುದ್ದಾಗಿ ಹೋಗಬೇಕಿತ್ತು, ಸಾಕ್ಷಿಗಳು ಬೇಕಿತ್ತು, ಲಗ್ನಪತ್ರಿಕೆ, ಮದುವೆಯ ಫೋಟೋ, ವಯಸ್ಸಿನ ದಾಖಲೆ ಬೇಕಿತ್ತು. ದುಬೈಯಲ್ಲಿ ಕೂತು ಇದಾವುದೂ ಆಗುತ್ತಿರಲಿಲ್ಲ. ಕೊನೆಗೆ ಐದು ತಿಂಗಳ ಬಸುರಿಯನ್ನು ಕರೆದುಕೊಂಡು ಊರಿಗೆ ಬಂದು ಮಾಡಿಸಿದೆವು.

ಪ್ರಮಾಣಪತ್ರ ಕೈಗೆ ಬಂದರೂ ಮುಗಿಯಲಿಲ್ಲ. ಅದಕ್ಕೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ಕೇಂದ್ರದ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆಯ ಮೊಹರು. ಅಪೊಸ್ಟಿಲ್ ಅನ್ನುವ ಒಂದೇ ಮೊಹರಿನ ಪದ್ಧತಿಗೆ ಭಾರತ ಸೇರಿದ್ದು 2005ರಲ್ಲಿ, ಆದರೆ ಯುಎಇ ಆ ಗುಂಪಿನಲ್ಲಿಲ್ಲ. ಹಾಗಾಗಿ ಈ ನಾಲ್ಕು ಬಾಗಿಲು. ಹೊಸದಾಗಿ ಮದುವೆಯಾಗಿ ಹೊರಡುವವರಿಗೆ ನನ್ನದೊಂದೇ ಮಾತು: ವಿಮಾನ ಹತ್ತುವ ಮುಂಚೆ ಇದಿಷ್ಟನ್ನು ಮುಗಿಸಿಕೊಳ್ಳಿ.

ಹೆಸರಿನ ಪಜೀತಿ

ನಮ್ಮ ಹೆಸರುಗಳು ಪಾಸ್‌ಪೋರ್ಟಿನ ಎರಡು ಕಾಲಂಗೆ ಸರಿಯಾಗಿ ಕೂರುವುದೇ ಇಲ್ಲ. ಇನಿಷಿಯಲ್‌ನಲ್ಲಿ ಒಂದು ಊರು, ಒಂದು ಅಪ್ಪನ ಹೆಸರು. ನನ್ನ ಪಾಸ್‌ಪೋರ್ಟಿನಲ್ಲಿ ಎರಡನ್ನೂ ಬಿಡಿಸಿ ಸರ್‌ನೇಮ್ ಜಾಗದಲ್ಲಿ 'ಹೊಸಕೊಪ್ಪ ಸುಬ್ಬರಾಯ' ಅಂತ ಬರೆದಿದ್ದರು. ನನ್ನ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಆಸ್ಪತ್ರೆಯ ಕಂಪ್ಯೂಟರ್ ಇದನ್ನೆಲ್ಲ ಅದಕ್ಕೆ ತೋಚಿದ ಹಾಗೆ ಕತ್ತರಿಸಿ, ಮಗಳಿಗೆ ಊರಿನ ಹೆಸರನ್ನಷ್ಟೇ ಅಂಟಿಸಿತು. ಅದು ಬೇಕಾದರೆ ಇರಲಿ, ಕೇಳಲಿಕ್ಕೆ ಚೆನ್ನಾಗೇ ಇದೆ. ಆದರೆ ತಾಯಿಯ ಹೆಸರಲ್ಲಿ ಒಂದಕ್ಷರ ಹಾರಿಹೋಗಿತ್ತು. ಅದನ್ನು ಸರಿಮಾಡಿಸಲು ಮೂರು ವಾರ ಓಡಾಡಿದೆ.

ಅದಕ್ಕೇ ಹೇಳುವುದು, ಹೆರಿಗೆಗೆ ಒಂದು ತಿಂಗಳು ಮುಂಚೆಯೇ ಗಂಡಾದರೆ ಇದು, ಹೆಣ್ಣಾದರೆ ಇದು ಅಂತ ಪೂರ್ತಿ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 'ಸಾನ್ವಿ'ಗೆ ಎ ಒಂದಾ ಎರಡಾ ಅನ್ನುವ ಜಗಳವನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಮಾಡಬೇಡಿ. ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಅಮೆರಿಕದ ವೀಸಾದಲ್ಲಿ ಹಾಗೆ ಬಿಟ್ಟವರ ಇಡೀ ಹೆಸರನ್ನು ಸರ್‌ನೇಮಿಗೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಹಾಕುತ್ತಾರೆ. ಯುಎಇಯಲ್ಲೂ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿನವರಿಗೆ ವಿಸಿಟ್ ವೀಸಾದಲ್ಲಿ ತಕರಾರು ಶುರುವಾಗಿದೆ. ಭಟ್ಟರು ಹೇಳುವ ನಕ್ಷತ್ರದ ಹೆಸರನ್ನು ಹನ್ನೊಂದನೇ ದಿನ ತೊಟ್ಟಿಲಲ್ಲಿ ಇಡಿ, ಕಿವಿಯಲ್ಲಿ ಹೇಳಿ. ಅದಕ್ಕೆ ಯಾವ ಕಾನ್ಸುಲೇಟೂ ಅಡ್ಡ ಬರುವುದಿಲ್ಲ. ಅಮ್ಮನನ್ನೂ ನಾನು ಕೊನೆಗೆ ಹೀಗೇ ಒಪ್ಪಿಸಿದ್ದು.

ಒಂದು ವರ್ಷದ ಗಡುವು

ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗು ಭಾರತೀಯ ಆಗಬೇಕಾದರೆ, ಹುಟ್ಟಿದ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಅಥವಾ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಆಗಬೇಕು. ಅಪ್ಪ ಅಮ್ಮ ಇಬ್ಬರೂ ಭಾರತೀಯರು, ಮಗು ತಾನಾಗಿಯೇ ಭಾರತೀಯ ಅಲ್ವಾ ಅಂತ ಸುಮ್ನೆ ಕೂತರೆ ಕೆಟ್ಟಿರಿ. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನೋಂದಣಿ ಮಾಡುವಾಗ ಮಗುವಿನ ಹತ್ತಿರ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಡಬೇಕು.

ಕೊಲ್ಲಿಯಲ್ಲಿ ವರ್ಷ ಕಾಯುವ ಐಷಾರಾಮ ಹೇಗೂ ಇಲ್ಲ. ಯುಎಇಯಲ್ಲಿ 120 ದಿನದೊಳಗೆ ಮಗುವಿಗೆ ರೆಸಿಡೆನ್ಸಿ ವೀಸಾ ಆಗಬೇಕು, ತಡವಾದರೆ ದಿನಕ್ಕೆ 100 ದಿರ್ಹಂ ದಂಡ. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಬೇಕು, ಅದಕ್ಕೆ ಮದುವೆ ಸರ್ಟಿಫಿಕೇಟ್ ಬೇಕು. ನನ್ನ ಮೂರು ವಾರ ಎಲ್ಲಿ ಹೋಯಿತು ಗೊತ್ತಾಯಿತಲ್ಲ?

ಅರ್ಜಿ, ಫೋಟೋ, ಹೆಬ್ಬೆಟ್ಟು

ಅರ್ಜಿ ತುಂಬುವುದು ಕಷ್ಟವಿಲ್ಲ. ವಿದೇಶದ ಭಾರತೀಯ ಕಚೇರಿಗಳಿಗೆ ಅಂತಲೇ ಇರುವ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ನಿಮ್ಮ ಕಾನ್ಸುಲೇಟ್ ಆರಿಸಿ, ಹೊಸ ಪಾಸ್‌ಪೋರ್ಟ್ ಅಂತ ತುಂಬಿ, ಪ್ರಿಂಟ್ ತೆಗೆದು, ದಿನ ಗೊತ್ತುಮಾಡಿಕೊಂಡು ಹೋಗುವುದು. ದುಬೈ ಮತ್ತು ಉತ್ತರದ ಎಮಿರೇಟ್‌ಗಳವರಿಗೆ ದುಬೈ ಕಾನ್ಸುಲೇಟ್, ಅಬುಧಾಬಿಯವರಿಗೆ ಅಲ್ಲಿನ ರಾಯಭಾರ ಕಚೇರಿ. ಜನನ ಪ್ರಮಾಣಪತ್ರ, ಇಬ್ಬರ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಮದುವೆ ಪ್ರಮಾಣಪತ್ರ, ಇಬ್ಬರೂ ಸಹಿ ಮಾಡಿದ 'ಅನೆಕ್ಸರ್ ಡಿ' ಎಂಬ ಒಪ್ಪಿಗೆ ಪತ್ರ. ಇಷ್ಟು ಕೈಯಲ್ಲಿರಲಿ.

ಕಷ್ಟ ಇರುವುದು ಫೋಟೋದಲ್ಲಿ. ಹಿನ್ನೆಲೆ ಬಿಳಿ ಇರಬೇಕು, ಕಣ್ಣು ತೆರೆದಿರಬೇಕು, ಎತ್ತಿಕೊಂಡವರ ಕೈ ಕಾಣಬಾರದು. ಇಪ್ಪತ್ತು ದಿನದ ಕೂಸು ಕಣ್ಣು ಬಿಡುವುದೇ ಹಾಲಿಗೆ. ಅಪ್ಪಯ್ಯನ ಬಿಳಿ ಪಂಚೆಯನ್ನು ಹಾಸಿಗೆ ಮೇಲೆ ಸುಕ್ಕಿಲ್ಲದಂತೆ ಹರಡಿ, ಮಗುವನ್ನು ಅಂಗಾತ ಮಲಗಿಸಿ, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ತೆಗೆದೆವು. ನಲವತ್ತು ಫೋಟೋದಲ್ಲಿ ಒಂದು ಸರಿಯಾಗಿ ಬಂತು. ತೆಗೆದ ಮೇಲೆ ನೋಡಿದರೆ ಕೆನ್ನೆಯಲ್ಲಿ ಅಮ್ಮ ಇಟ್ಟಿದ್ದ ದೃಷ್ಟಿಬೊಟ್ಟು, ಒಳ್ಳೇ ಕಾಸಿನಗಲ! ಒರೆಸಿ ಮತ್ತೆ ಇಪ್ಪತ್ತು ಫೋಟೋ. ಹಾಗಾಗಿ ಕಾಡಿಗೆ ಮೊದಲು ಒರೆಸಿ.

ಸಹಿ ಜಾಗದಲ್ಲಿ ಮಗುವಿನ ಹೆಬ್ಬೆಟ್ಟು ಒತ್ತಬೇಕು. ಗಂಡಾದರೆ ಎಡಗೈಯದು, ಹೆಣ್ಣಾದರೆ ಬಲಗೈಯದು. ಮುಷ್ಟಿ ಬಿಡಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಶಾಯಿ ಬಾಯಿಗೆ ಹೋಗುತ್ತದೆ ಅಂತ ಅಜ್ಜಿಗೆ ಗಾಬರಿ. ಮಲಗಿದ್ದಾಗ ಒತ್ತಿಸಿ, ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಎರಡು ಪ್ರಿಂಟ್ ಜಾಸ್ತಿ ಇಟ್ಟುಕೊಳ್ಳಿ.

ಇಷ್ಟರೊಳಗೆ ಊರಿನಲ್ಲಿ ಏನಾದರೂ ತುರ್ತು ಬಂದು ಹೊರಡಲೇಬೇಕಾದರೆ, ಭಾರತಕ್ಕೆ ಬರಲು ಮಾತ್ರ ನಡೆಯುವ ಎಮರ್ಜೆನ್ಸಿ ಸರ್ಟಿಫಿಕೇಟ್ ಅನ್ನು ಕಾನ್ಸುಲೇಟ್ ಕೊಡುತ್ತದೆ. ವಾಪಸ್ ಹೋಗಲು ಅದು ಬರುವುದಿಲ್ಲ.

ಅಮೆರಿಕದಲ್ಲಿ ಹುಟ್ಟಿದರೆ

ಅಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಲು ಭಾರತ ಬಿಡುವುದಿಲ್ಲ. ಹೆಚ್ಚಿನವರು ಅಮೆರಿಕದ್ದನ್ನೇ ಮಾಡಿಸುತ್ತಾರೆ. ಡಿಎಸ್-11 ಅರ್ಜಿ, ಹದಿನಾರರೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರೂ ಮಗುವಿನ ಜೊತೆ ಹಾಜರಿರಬೇಕು, ಐದು ವರ್ಷದ ಅವಧಿ. ಆದರೆ ಆ ಪಾಸ್‌ಪೋರ್ಟ್ ಹಿಡಿದು ನೇರ ಅಜ್ಜಿ ಮನೆಗೆ ಬರುವ ಹಾಗಿಲ್ಲ. ಮಗುವಿಗೆ ಭಾರತದ ವೀಸಾ ಬೇಕು, ಇಲ್ಲವೇ ಓಸಿಐ ಕಾರ್ಡ್, ಅಂದರೆ ಬೇರೆ ದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್ ಬೇಕು. ಟಿಕೆಟ್ ತೆಗೆದ ಮೇಲೆ ಇದು ನೆನಪಾದವರನ್ನು ನಾನು ನೋಡಿದ್ದೇನೆ.

ಓಸಿಐ ಇದ್ದರೆ ಎಷ್ಟು ದಿನ ಬೇಕಾದರೂ ಇರಬಹುದು, ವೋಟು ಮಾತ್ರ ಇಲ್ಲ. ಮಲೆನಾಡಿನವರು ತಪ್ಪದೆ ಕೇಳುವುದು ಇನ್ನೊಂದನ್ನು: ತೋಟದ ಗತಿ ಏನು? ಓಸಿಐ ಇರುವವರು ಕೃಷಿ ಜಮೀನು, ತೋಟ ಖರೀದಿ ಮಾಡುವಂತಿಲ್ಲ. ಅಜ್ಜನ ಅಡಿಕೆ ತೋಟ ವಾರಸಿನಲ್ಲಿ ಬಂದರೆ ಅದಕ್ಕೆ ಅಡ್ಡಿಯಿಲ್ಲ.

ಊರಿಗೆ ಬಂದ ಮೇಲೆ

ಮಗುವಿನ ಭಾರತೀಯ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸಲು ಮೊದಲಾದರೆ ಬೆಂಗಳೂರು ಬಸ್ಸು ಹತ್ತಬೇಕಿತ್ತು. 2017ರ ಜನವರಿಯಲ್ಲಿ ಮೈಸೂರಿನಿಂದ ಶುರುವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ಆಮೇಲೆ ಶಿವಮೊಗ್ಗಕ್ಕೂ ಬಂತು. ಮಕ್ಕಳ ಫೀಸು 1000 ರೂಪಾಯಿ, ಎಂಟು ವರ್ಷದೊಳಗಿನವರಿಗೆ ಹೊಸ ಪಾಸ್‌ಪೋರ್ಟ್ ಆದರೆ ಮಾತ್ರ ಅದರಲ್ಲಿ ಶೇ 10 ಕಡಿಮೆ. ನಾಲ್ಕು ವರ್ಷದೊಳಗಿನ ಮಗುವಾದರೆ ಫೋಟೋ ನೀವೇ ಒಯ್ಯಬೇಕು.

ಅಪ್ಪ ಅಮ್ಮ ಹೊರಗಿದ್ದು, ಮಗು ಅಜ್ಜಿ ಮನೆಯಲ್ಲಿ ಬೆಳೆಯುತ್ತಿದ್ದರೆ, ಅವರು ಅಲ್ಲಿನ ಭಾರತೀಯ ಕಚೇರಿಯಲ್ಲಿ ದೃಢೀಕರಿಸಿದ ಒಪ್ಪಿಗೆ ಪತ್ರ ಕಳಿಸಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ಸಾಕಾಗುವುದಿಲ್ಲ ಅಂತ ಅಜ್ಜಂದಿರಿಗೆ ಮೊದಲೇ ಹೇಳಿಬಿಡಿ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ದಾಖಲೆ. ನಮ್ಮ ಮಳೆಗಾಲ ಗೊತ್ತಲ್ಲ, ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತೇವ ತಾಗದ ಕಡೆ ಇಡಿ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಮುಂದೆ ಇನ್ನೊಂದು ಮೊಹರು ಬೇಕಾದಾಗ ಒತ್ತಲು ಜಾಗವೇ ಇರುವುದಿಲ್ಲ.