ಎಸ್ಟೋನಿಯಾದಲ್ಲಿ ಒಂದು ವರ್ಷ: ಉಡುಪಿಯಿಂದ ಹೊರಡುವವರಿಗೆ

ಐರೋಪ್ಯ ಒಕ್ಕೂಟದ ಪುಟ್ಟ ದೇಶ ಎಸ್ಟೋನಿಯಾದ ಇಡೀ ಜನಸಂಖ್ಯೆ ಹದಿಮೂರು–ಹದಿನಾಲ್ಕು ಲಕ್ಷ. ಉಡುಪಿ ಜಿಲ್ಲೆಗಿಂತ ಸ್ವಲ್ಪ ಹೆಚ್ಚು, ದಕ್ಷಿಣ ಕನ್ನಡಕ್ಕಿಂತ ಕಡಿಮೆ. ಅಲ್ಲಿನ ತಾಲ್ಲಿನ್, ತಾರ್ತು ನಗರಗಳಿಗೆ ಓದಲು ಹೋಗುವವರು ಹೆಚ್ಚಾಗಿ ಸೋಣ ತಿಂಗಳಲ್ಲಿ ವಿಮಾನ ಹತ್ತುತ್ತಾರೆ. ಆಗ ಅಲ್ಲಿ ಹಿತವಾದ ಬಿಸಿಲು. ಅದನ್ನು ನಂಬಿ ಚಳಿಯ ತಯಾರಿ ಮುಂದೂಡಿದವರು ನವೆಂಬರಿನಲ್ಲಿ ಒದ್ದಾಡುತ್ತಾರೆ.

ಮೊದಲು ಪೆಟ್ಟಿಗೆ. ಐರೋಪ್ಯ ಒಕ್ಕೂಟದೊಳಗೆ ಹಾಲಿನ ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಅಮ್ಮ ಕಾಸಿಕೊಟ್ಟ ತುಪ್ಪ, ಪೇಡ ಎರಡೂ ಮನೆಯಲ್ಲೇ ಇರಲಿ. ಹಸಿ ಬೇವಿನಸೊಪ್ಪು, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತೆಂಗಿನಕಾಯಿಗೆ ಬೇಡ! ಒಣಮೀನು, ಒಣ ಸೀಗಡಿಗೂ ಅಡ್ಡಿಯಿಲ್ಲ, ಒಬ್ಬರಿಗೆ ಎಲ್ಲ ಸೇರಿ 20 ಕಿಲೋ ಮಿತಿ; ವಾಸನೆ ಬಾರದಂತೆ ಎರಡು ಪದರ ಕಟ್ಟಿ. ಕುಕ್ಕರ್ ಒಯ್ಯುವುದಾದರೆ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗದು, ಕುಚ್ಚಲಕ್ಕಿ ಬೇಯದು.

ದಪ್ಪ ಜಾಕೆಟನ್ನು ಮಂಗಳೂರಿನಲ್ಲಿ ಕೊಳ್ಳುವುದು ದಂಡ. ಎಸ್ಟೋನಿಯಾದಲ್ಲೇ ಅಕ್ಟೋಬರಿನೊಳಗೆ ಕೊಳ್ಳಿ, ಹಳೆಬಟ್ಟೆ ಅಂಗಡಿಯದ್ದಾದರೂ ಸೈ. ಮೈಗೆ ತಾಗಿ ಉಣ್ಣೆಯ ಥರ್ಮಲ್, ಮೇಲೆ ಸ್ವೆಟರ್, ಹೊರಗೆ ಗಾಳಿ–ನೀರು ತಡೆಯುವ ಜಾಕೆಟ್. ಒಳಗೆ ಹತ್ತಿಯ ಬನಿಯನ್ ಬೇಡ: ಬೆಚ್ಚಗಿನ ಬಸ್ಸಿನಲ್ಲಿ ಬೆವರು ಹೀರಿ, ಇಳಿದ ಕೂಡಲೇ ಮೈಯನ್ನೇ ತಣ್ಣಗಾಗಿಸುತ್ತದೆ. ಶೂ ದಪ್ಪ ಕಾಲುಚೀಲ ಹಾಕಿಯೂ ಬೆರಳು ಆಡುವಷ್ಟು ಸಡಿಲವಿರಬೇಕು. ಬಿಗಿಯಾದರೆ ರಕ್ತ ಹರಿಯದೆ ಪಾದ ಮರಗಟ್ಟುತ್ತದೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಹಿಮದ ಮೇಲೆ, ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ ದಾಟುವಂತೆ, ಪಾದವನ್ನು ಚಪ್ಪಟೆಯಾಗಿ ಊರಿ ಸಣ್ಣ ಹೆಜ್ಜೆ ಇಡಿ.

ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರ್ ಕೊನೆಗೆ ತಾಲ್ಲಿನ್‌ನಲ್ಲಿ ಹಗಲು ಆರೇ ಗಂಟೆ. ವಿಟಮಿನ್ ಡಿ ಎಷ್ಟು ಬೇಕೆಂದು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ. ಕತ್ತಲಲ್ಲಿ ನಡೆಯುವವರು ಬೆಳಕು ಪ್ರತಿಫಲಿಸುವ 'ಹೆಲ್ಕುರ್' ಬಿಲ್ಲೆ ತೊಡುವುದು ಕಡ್ಡಾಯ, ಇಲ್ಲದಿದ್ದರೆ ದಂಡ ಬೀಳಬಹುದು. ವಾಹನಗಳು ಬಲಬದಿಯಲ್ಲಿ ಹೋಗುವುದರಿಂದ ಕಾಲುದಾರಿ ಇಲ್ಲದ ಕಡೆ ಎಡಬದಿಯಲ್ಲಿ ನಡೆದು, ಬಿಲ್ಲೆಯನ್ನು ಬಲಕ್ಕೆ, ಮೊಣಕಾಲಿನೆತ್ತರಕ್ಕೆ ನೇತುಹಾಕಿ. ಜೇಬಿನಲ್ಲಿದ್ದರೆ ಏನೂ ಉಪಯೋಗವಿಲ್ಲ.

ಇಡ್ಲಿ ಹಿಟ್ಟು 20 ಡಿಗ್ರಿಯ ಕೋಣೆಯಲ್ಲಿ ರಾತ್ರಿ ಕಳೆದರೂ ಉಬ್ಬುವುದಿಲ್ಲ. ಆರಿಸಿದ ಓವನಿನೊಳಗೆ ಬಿಸಿನೀರಿನ ಪಾತ್ರೆಯ ಪಕ್ಕ ಇಟ್ಟು ಬಾಗಿಲು ಮುಚ್ಚಿ, ನೀರು ತಣಿದಾಗ ಬದಲಿಸಿ. ರೇಡಿಯೇಟರ್ ಮೇಲಿಟ್ಟರೆ ತಳದ ಹಿಟ್ಟು ಬೆಂದುಹೋಗುತ್ತದೆ. ಅಷ್ಟೆಲ್ಲ ತಾಳ್ಮೆಯಿಲ್ಲದ ದಿನ 'ಕಾಮ' ಇದೆ: ಬಾರ್ಲಿ, ರೈ, ಓಟ್ಸ್, ಬಟಾಣಿ ಹುರಿದು ಬೀಸಿದ ಹಿಟ್ಟು. ಮಜ್ಜಿಗೆಗೆ ಕಲಸಿದರೆ ನಮ್ಮ ಹುರಿಹಿಟ್ಟಿನ ನೆಂಟನೇ.

ಫೆಬ್ರವರಿ 24 ಸ್ವಾತಂತ್ರ್ಯ ದಿನ, 1918ರ ಘೋಷಣೆಯ ನೆನಪು. ತಾಲ್ಲಿನ್‌ನ ಪಿಕ್ ಹೆರ್ಮನ್ ಗೋಪುರದಲ್ಲಿ ಸೂರ್ಯೋದಯಕ್ಕೆ ಧ್ವಜ ಏರುತ್ತದೆ. ಆ ದಿನ ಕಪ್ಪು ರೊಟ್ಟಿಯ ಮೇಲೆ ಬೂತಾಯಿಯ ಕುಟುಂಬದ್ದೇ ಆದ ಪುಟ್ಟ 'ಕಿಲು' ಮೀನು ಸಿಕ್ಕರೆ ಬಿಡಬೇಡಿ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಮರುದಿನದ ಪರೀಕ್ಷೆ ತಪ್ಪಿಸಿಕೊಳ್ಳುವವರು ಇದ್ದೇ ಇರುತ್ತಾರೆ.

ಏಪ್ರಿಲಿನಿಂದ ಕಾಡಿನ ಹುಲ್ಲಿನಲ್ಲಿ ಉಣ್ಣಿ. ಅದು ಹರಡುವ ಮೆದುಳಿನ ಉರಿಯೂತಕ್ಕೆ ಲಸಿಕೆಯಿದೆ. ಮೊದಲೆರಡು ಡೋಸ್‌ಗಳ ನಡುವೆ ಸಾಮಾನ್ಯವಾಗಿ 1–3 ತಿಂಗಳು ಬೇಕಾದ್ದರಿಂದ ಚಳಿಗಾಲದಲ್ಲೇ ಶುರುಮಾಡಿ. ಉಣ್ಣಿಯೇ ಹರಡುವ ಲೈಮ್ ರೋಗಕ್ಕೆ ಈ ಲಸಿಕೆ ನಡೆಯದು. ಆದ್ದರಿಂದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಮೊಣಕಾಲಿನ ಹಿಂದೆ, ಕಂಕುಳಲ್ಲಿ ನೋಡಿ. ಕಚ್ಚಿದ ಉಣ್ಣಿಗೆ ಎಣ್ಣೆ ಸವರಬೇಡಿ. ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ.

ಜೂನ್ 23ರ ರಾತ್ರಿ ನಡುಬೇಸಿಗೆಯ ಹಬ್ಬಕ್ಕೆ ಊರೆಲ್ಲ ಬೆಂಕಿ ಹಾಕಿ ಎಚ್ಚರವಿರುತ್ತದೆ. ಮರುದಿನ ರಜೆ, ಅಂಗಡಿಗಳೂ ಹಲವು ಮುಚ್ಚಿರುತ್ತವೆ. ಹಾಲು, ಅಕ್ಕಿ ಮೊದಲೇ ತಂದಿಡಿ. ಹದಿನೆಂಟೂವರೆ ಗಂಟೆಯ ಹಗಲಿಗೆ ಕಿಟಕಿಗೊಂದು ದಪ್ಪ ಕಪ್ಪು ಪರದೆಯೂ ಬೇಕು.