ಕ್ರಾಸ್‌ಓವರ್ ಈವೆಂಟಿನ ಮೊದಲ ಸಂಚಿಕೆ: ಓದುವ ಬಗೆ, ಚರ್ಚಿಸುವ ಬಗೆ

ದೊಡ್ಡ ಸೂಪರ್‌ಹೀರೋ ಕ್ರಾಸ್‌ಓವರ್ (ಬೇರೆ ಬೇರೆ ಕಾಮಿಕ್ಸ್ ಸರಣಿಗಳ ಪಾತ್ರಗಳು ಒಂದೇ ಕಥೆಯಲ್ಲಿ ಸೇರುವ ಈವೆಂಟ್) ಒಂದರ ಮೊದಲ ಸಂಚಿಕೆ ಹೊರಬಿದ್ದ ದಿನ ಅಭಿಮಾನಿಗಳ ಮಾತು ಸಾಮಾನ್ಯವಾಗಿ ‘ಯಾರು ಸತ್ತರು?’ ಎಂಬಲ್ಲಿಂದ ಶುರುವಾಗುತ್ತದೆ. ಅಲ್ಲಿಂದ ಶುರುವಾದ ಚರ್ಚೆ ಬೇಗ ಬತ್ತಿಹೋಗುತ್ತದೆ, ಯಾಕೆಂದರೆ ಅದಕ್ಕೆ ಉತ್ತರ ಒಂದೇ ಸಾಲಿನದು. ಮೊದಲ ಸಂಚಿಕೆಯ ಅಸಲಿ ಕೆಲಸ ಬೇರೆ. ಮುಂದಿನ ಅಷ್ಟೂ ತಿಂಗಳು ಈ ಕಥೆ ಯಾವ ನಿಯಮದ ಮೇಲೆ ನಡೆಯುತ್ತದೆ ಎಂಬುದನ್ನು ಅದು ಓದುಗರ ಮುಂದೆ ಇಡುತ್ತದೆ. ಆ ನಿಯಮವನ್ನು ಪುಟಗಳಲ್ಲೇ ಹುಡುಕಿ ಹಿಡಿಯುವುದು ಹೇಗೆ, ಹಿಡಿದ ಮೇಲೆ ಅದರ ಬಗ್ಗೆ ಮಾತಾಡುವುದು ಹೇಗೆ ಎಂಬುದಕ್ಕೆ ಈ ಬರಹ.

ಮೊದಲೇ ಏನೇನು ಓದಿರಬೇಕು?

ಬಹುಪಾಲು ಸಲ, ಏನೂ ಬೇಡ. ಹೊಸಬರು ಎಡವುವುದು ಇಲ್ಲೇ. ‘ಇದಕ್ಕೆ ಮುಂಚೆ ಓದಬೇಕಾದವು’ ಎಂಬ ಉದ್ದನೆಯ ಪಟ್ಟಿ ನೋಡಿ ಬೆದರಿ, ಅದನ್ನು ಮುಗಿಸುವಷ್ಟರಲ್ಲಿ ಉತ್ಸಾಹವೇ ಇಳಿದಿರುತ್ತದೆ. 2005ರ ಇನ್ಫಿನಿಟ್ ಕ್ರೈಸಿಸ್ ಎಂಬ ಕ್ರಾಸ್‌ಓವರ್‌ಗೆ ಮುನ್ನ ಪ್ರಕಾಶಕ ಸಂಸ್ಥೆ ಡಿಸಿ ಆರಾರು ಸಂಚಿಕೆಗಳ ನಾಲ್ಕು ಸರಣಿಗಳನ್ನು ತಂದಿತ್ತು. ಆದರೂ ಅದರ ಮೊದಲ ಸಂಚಿಕೆಯ ಬೆನ್ನೆಲುಬು ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೂವರೂ ಒಬ್ಬರನ್ನೊಬ್ಬರು ನಂಬದೆ ಹಾಳುಬಿದ್ದ ತಮ್ಮ ನೆಲೆ ವಾಚ್‌ಟವರ್‌ನಲ್ಲಿ ಜಗಳಾಡುವ ದೃಶ್ಯ. ಆ ಜಗಳದ ಬಿಸಿ ತಟ್ಟಲು ಇಪ್ಪತ್ತನಾಲ್ಕು ಸಂಚಿಕೆಗಳ ಹಿನ್ನೆಲೆ ಬೇಕಿಲ್ಲ.

ಆದ್ದರಿಂದ ಮೊದಲ ಸಂಚಿಕೆಯನ್ನೇ ಮೊದಲು ಓದಿ. ಅರ್ಥವಾಗದ ಕಡೆ ಪುಟಸಂಖ್ಯೆ ಗುರುತು ಹಾಕಿಕೊಳ್ಳಿ. ಮುಗಿದ ಮೇಲೆ ಆ ಗುರುತುಗಳನ್ನು ಎರಡು ಗುಂಪು ಮಾಡಿ. ‘ಈ ಮುಖ ಯಾರದು?’ ಎಂಬುದಷ್ಟೇ ಗೊಂದಲವಾದರೆ ಹೆಸರು ಹುಡುಕಿ ನೋಡಿ ಮುಂದೆ ಹೋಗಿ. ‘ಇದು ಯಾಕೆ ಆಗುತ್ತಿದೆ?’ ಎಂಬುದೇ ತಿಳಿಯದಿದ್ದರೆ ಮಾತ್ರ ಹಿಂದಿನ ಕಥೆಗೆ ಹೋಗಬೇಕು. ಇನ್ನೊಂದು ಪ್ರಕಾಶಕ ಸಂಸ್ಥೆ ಮಾರ್ವೆಲ್‌ನ 2015ರ ಸೀಕ್ರೆಟ್ ವಾರ್ಸ್ ಎರಡನೆಯ ಗುಂಪಿನದು. ಎರಡು ಭೂಮಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಎರಡೂ ನಾಶವಾಗುವುದರೊಂದಿಗೆ ಅದು ತೆರೆದುಕೊಳ್ಳುತ್ತದೆ. ಅದರ ಕಾರಣವನ್ನು ಜೊನಾಥನ್ ಹಿಕ್‌ಮನ್ ತಮ್ಮ ಅವೆಂಜರ್ಸ್, ನ್ಯೂ ಅವೆಂಜರ್ಸ್ ಸರಣಿಗಳಲ್ಲಿ ವರ್ಷಗಟ್ಟಲೆ ಕಟ್ಟಿದ್ದರು. 1991ರ ಇನ್ಫಿನಿಟಿ ಗಾಂಟ್ಲೆಟ್ ನಡುವೆ ನಿಲ್ಲುತ್ತದೆ. ಖಳ ಥಾನೋಸ್ ಅಪಾರ ಶಕ್ತಿಯ ಮಣಿಗಳನ್ನು ಹೇಗೆ ಕೂಡಿಸಿದ ಎಂಬುದು 1990ರ ಥಾನೋಸ್ ಕ್ವೆಸ್ಟ್‌ನ ಎರಡೇ ಸಂಚಿಕೆಗಳಲ್ಲಿ ಮುಗಿಯುತ್ತದೆ, ಓದಿದರೆ ಲಾಭವೇ.

ಮೊದಲ ಓದು, ಎರಡನೇ ಓದು

ಮೊದಲ ಓದು ಒಂದೇ ಉಸಿರಿಗೆ ಆಗಲಿ. ಪರದೆಯ ಮೇಲೆ ಓದುವವರು ಪ್ಯಾನೆಲ್ ಪ್ಯಾನೆಲ್ ಆಗಿ (ಪುಟದ ಚಿತ್ರಚೌಕಗಳನ್ನು ಒಂದೊಂದಾಗಿ) ತೋರಿಸುವ ಸೌಲಭ್ಯವನ್ನು ಆಫ್ ಮಾಡಿ, ಪೂರ್ತಿ ಪುಟ ಕಾಣುವಂತೆ ಇಟ್ಟುಕೊಳ್ಳಿ. ಸಾಧನವನ್ನು ಅಡ್ಡ ಹಿಡಿದರೆ ಜೋಡಿಪುಟಗಳೂ ಒಟ್ಟಿಗೆ ಸಿಗುತ್ತವೆ. ಈವೆಂಟ್ ಕಾಮಿಕ್ಸ್‌ನಲ್ಲಿ ಪುಟದ ಅಳತೆಯೇ ಅರ್ಧ ಕಥೆ ಹೇಳುತ್ತದೆ. ಚಿಕ್ಕ ಚಿಕ್ಕ ಪ್ಯಾನೆಲ್‌ಗಳಿಂದ ಕಿಕ್ಕಿರಿದ ಪುಟವಾದ ಮೇಲೆ ಇಡೀ ಜೋಡಿಪುಟ ಒಮ್ಮೆಲೇ ತೆರೆದುಕೊಂಡಾಗ ಸಿಗುವ ಪೆಟ್ಟು, ಪ್ಯಾನೆಲ್‌ಗಳನ್ನು ಒಂದೊಂದಾಗಿ ದಾಟಿದವರಿಗೆ ಸಿಗುವುದೇ ಇಲ್ಲ. ಆಮೇಲೆ ಅವರು ಬಂದು ‘ಚಿತ್ರ ಸಪ್ಪೆ’ ಎನ್ನುತ್ತಾರೆ.

ಎರಡನೇ ಓದಿಗೆ ಕಾಗದ, ಪೆನ್ನು ಬೇಕು. ಕಥೆಯ ಮೊದಲ ಪುಟವನ್ನು 1 ಎಂದು ಎಣಿಸಿ. ಮುಖಪುಟ, ಜಾಹೀರಾತು, ಹಿಂದಿನ ಕಥೆಯ ಸಾರಾಂಶದ ಪುಟ ಲೆಕ್ಕಕ್ಕಿಲ್ಲ. ಅಚ್ಚಿನ ಪ್ರತಿಗೂ ಡಿಜಿಟಲ್ ಪ್ರತಿಗೂ ಜಾಹೀರಾತು ಬೇರೆ ಬೇರೆ ಇರುವುದರಿಂದ, ಈ ಲೆಕ್ಕ ಒಂದೇ ಇರದಿದ್ದರೆ ಚರ್ಚೆಯಲ್ಲಿ ಇಬ್ಬರು ಬೇರೆ ಬೇರೆ ಪುಟದ ಬಗ್ಗೆ ವಾದ ಮಾಡುತ್ತ ಕೂರುತ್ತಾರೆ.

ಈ ಓದಿನಲ್ಲಿ ಹುಡುಕಬೇಕಾದದ್ದು ನಿಯಮವನ್ನು. ಅದು ಯಾವಾಗಲೂ ಸಂಭಾಷಣೆಯಲ್ಲಿ ಇರುವುದಿಲ್ಲ, ಯಾರನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂಬುದರಲ್ಲಿ ಇರುತ್ತದೆ. ಜಿಮ್ ಶೂಟರ್ ಬರೆದು ಮೈಕ್ ಝೆಕ್ ಚಿತ್ರಿಸಿದ 1984ರ ಸೀಕ್ರೆಟ್ ವಾರ್ಸ್ ಮೊದಲ ಸಂಚಿಕೆ ತೆಗೆದು ನೋಡಿ. ಹೀರೋಗಳು ಒಂದು ನೌಕೆಯಲ್ಲಿ, ಖಳರು ಇನ್ನೊಂದರಲ್ಲಿ ಕಣ್ಣು ಬಿಡುತ್ತಾರೆ. ಆದರೆ ಎಕ್ಸ್-ಮೆನ್ ತಂಡದ ಹಳೆಯ ಶತ್ರು ಮ್ಯಾಗ್ನೆಟೊ ಇರುವುದು ಹೀರೋಗಳ ನೌಕೆಯಲ್ಲಿ. ಯಾಕೆ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ; ಕೂಡಲೇ ಗಲಾಟೆ ಏಳುತ್ತದೆ. ಮುಂದೆ ಎಕ್ಸ್-ಮೆನ್ ಉಳಿದವರನ್ನು ಬಿಟ್ಟು ಮ್ಯಾಗ್ನೆಟೊ ಕಡೆ ಹೋಗುವುದರ ಬೀಜ ಈ ಒಂದು ಜಾಗದ ಆಯ್ಕೆಯಲ್ಲಿದೆ. ಅದೇ ಸಂಚಿಕೆಯಲ್ಲಿ ಅವರನ್ನೆಲ್ಲ ಅಲ್ಲಿಗೆ ತಂದ ಅಗಾಧ ಶಕ್ತಿಯ ಬಿಯಾಂಡರ್, ‘ಶತ್ರುಗಳನ್ನು ಕೊಂದರೆ ನೀವು ಬಯಸಿದ್ದೆಲ್ಲ ನಿಮ್ಮದು’ ಎಂಬ ತನ್ನ ಷರತ್ತು ಹೇಳಿದ ಮೇಲೆ ಮಿಕ್ಕವರು ಕಾದಾಟದ ಯೋಚನೆಯಲ್ಲಿದ್ದರೆ, ಖಳ ಡಾಕ್ಟರ್ ಡೂಮ್‌ನ ಕಣ್ಣು ಷರತ್ತು ಹಾಕಿದವನ ಶಕ್ತಿಯ ಮೇಲೇ ಇದೆ. ಕಡೆಗೆ ಆ ಶಕ್ತಿಯನ್ನು ಕಸಿದುಕೊಳ್ಳುವವನೂ ಅವನೇ. ಹನ್ನೆರಡು ಸಂಚಿಕೆಗಳ ದಾರಿ ಮೊದಲನೆಯದರಲ್ಲೇ ಗುರುತಾಗಿದೆ.

ಯಾರು ಬಂದಿದ್ದಾರೆ ಎನ್ನುವಷ್ಟೇ ಮುಖ್ಯವಾದದ್ದು ಯಾರು ಬಂದಿಲ್ಲ ಎನ್ನುವುದು. ಮಾರ್ವ್ ವುಲ್ಫ್‌ಮನ್, ಜಾರ್ಜ್ ಪೆರೆಜ್ ಜೋಡಿಯ 1985ರ ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್ ಮೊದಲ ಸಂಚಿಕೆಯಲ್ಲಿ ಹಾರ್ಬಿಂಜರ್ ಎಂಬಾಕೆ ಬೇರೆ ಬೇರೆ ಭೂಮಿ (ಸಮಾನಾಂತರ ಲೋಕಗಳು), ಬೇರೆ ಬೇರೆ ಕಾಲಗಳಿಂದ ಜನರನ್ನು ಕೂಡಿಸುತ್ತಾಳೆ. ಆ ಗುಂಪಿನಲ್ಲಿರುವ ಸೂಪರ್‌ಮ್ಯಾನ್ ಓದುಗರು ಪ್ರತಿ ತಿಂಗಳು ಓದುತ್ತಿದ್ದವನಲ್ಲ, ಎರಡನೇ ಭೂಮಿಯ ವಯಸ್ಸಾದ ಸೂಪರ್‌ಮ್ಯಾನ್. ಕೊನೆಯ ಸಂಚಿಕೆಯಲ್ಲಿ ಮುಖ್ಯ ಖಳ ಆಂಟಿ-ಮಾನಿಟರ್‌ಗೆ ಕೊನೆಯ ಏಟು ಕೊಡುವವನು ಅವನೇ. ಹೆಸರುವಾಸಿಗಳನ್ನು ಬಿಟ್ಟು ಯಾರನ್ನು ಆರಿಸಿದ್ದಾರೆ ಎಂದು ಪಟ್ಟಿ ಮಾಡಿಕೊಂಡವರಿಗೆ ಇದು ಮೊದಲೇ ಕಣ್ಣಿಗೆ ಬೀಳುವ ವಿಷಯ. ಇದೇ ಸಂಚಿಕೆಯ ಆರಂಭದಲ್ಲಿ ಮೂರನೇ ಭೂಮಿಯ ಲೂಥರ್, ಆ ಲೋಕದ ಏಕೈಕ ಹೀರೋ, ತನ್ನ ಕೂಸನ್ನು ಪುಟ್ಟ ನೌಕೆಯಲ್ಲಿಟ್ಟು ಸಾಯುತ್ತಿರುವ ಲೋಕದಿಂದ ಆಚೆ ಕಳಿಸುತ್ತಾನೆ. ಸೂಪರ್‌ಮ್ಯಾನ್‌ನ ತಾಯ್ನೆಲ ಕ್ರಿಪ್ಟಾನ್‌ನ ಕಥೆ, ಅವನ ಬದ್ಧ ವೈರಿ ಲೂಥರ್‌ನ ಕೈಯಲ್ಲಿ! ಇಂಥ ತಿರುವು ಕಂಡರೆ ಪುಟಸಂಖ್ಯೆ ಬರೆದಿಟ್ಟುಕೊಳ್ಳಿ. ಆ ಕೂಸು ಮುಂದೆ ಎಷ್ಟು ಮುಖ್ಯವಾಗುತ್ತದೆ ಎಂಬುದನ್ನು ಹೊಸ ಓದುಗರಿಗೆ ಹೇಳಿ ಕೆಡಿಸುವುದಿಲ್ಲ.

ಮೂರನೆಯದು, ಘಟನೆಗಳ ಕ್ರಮ. 2006ರ ಸಿವಿಲ್ ವಾರ್ ಮೊದಲ ಸಂಚಿಕೆಯನ್ನು ‘ಹೀರೋಗಳು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂಬ ಕಾನೂನಿನ ಪರ, ವಿರೋಧ’ ಎಂದು ಚರ್ಚಿಸುವವರು ಬಹಳ. ಸ್ಟ್ಯಾಮ್‌ಫರ್ಡ್‌ನಲ್ಲಿ ನ್ಯೂ ವಾರಿಯರ್ಸ್ ತಂಡದ ಹೀರೋಗಳು ಟಿವಿ ಕಾರ್ಯಕ್ರಮಕ್ಕಾಗಿ ಖಳರ ಮೇಲೆ ಬೀಳುತ್ತಾರೆ, ಖಳ ನೈಟ್ರೊ ಸ್ಫೋಟಗೊಳ್ಳುತ್ತಾನೆ, ಊರಿಗೆ ಊರೇ ಶೋಕದಲ್ಲಿ ಮುಳುಗುತ್ತದೆ. ಅಷ್ಟೂ ಎಲ್ಲರಿಗೂ ನೆನಪಿರುತ್ತದೆ. ಆದರೆ ಶೀಲ್ಡ್ ಎಂಬ ಸರ್ಕಾರಿ ಪಡೆಯ ಮರಿಯಾ ಹಿಲ್ ಕ್ಯಾಪ್ಟನ್ ಅಮೆರಿಕಾನನ್ನು ಆ ಪಡೆಯ ಹಾರುವ ನೆಲೆ ಹೆಲಿಕ್ಯಾರಿಯರ್‌ನಲ್ಲಿ ಎದುರಿಸಿ, ಅವನ ಮೇಲೆ ಬಂದೂಕು ತಿರುಗಿಸುವಾಗ ನೋಂದಣಿ ಕಾನೂನು ಇನ್ನೂ ಜಾರಿಗೇ ಬಂದಿಲ್ಲ. ಮುರಿಯಲು ಕಾನೂನೇ ಇಲ್ಲದಾಗ ಮೊದಲ ಕಾದಾಟ ನಡೆದುಹೋಗುತ್ತದೆ. ಯಾವ ಘಟನೆ ಯಾವುದಕ್ಕಿಂತ ಮುಂಚೆ ಎಂದು ಬರೆದುಕೊಂಡರೆ ಇದು ತಾನಾಗಿ ಹೊರಬರುತ್ತದೆ. ‘ತಪ್ಪು ಯಾರದು?’ ಎಂಬ ಚರ್ಚೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ಆ ಸಂಚಿಕೆಯಲ್ಲಿ ಬೇರೊಂದಿಲ್ಲ.

ಸಾವುಗಳನ್ನೂ ಈ ಕಣ್ಣಿನಿಂದಲೇ ಓದಬೇಕು. ಸತ್ತ ಪಾತ್ರ ಮರಳಿ ಬರುವುದು ಈ ಪ್ರಕಾರದಲ್ಲಿ ಮಾಮೂಲು, ಹಾಗಾಗಿ ‘ಇದು ನಿಜವಾದ ಸಾವೋ?’ ಎಂಬ ವಾದಕ್ಕೆ ಕೊನೆಯಿಲ್ಲ. ಕೊಂದದ್ದು ಯಾರು, ಹೇಗೆ ಎಂದು ನೋಡಿ. 2009ರ ಬ್ಲ್ಯಾಕೆಸ್ಟ್ ನೈಟ್ ಮೊದಲ ಸಂಚಿಕೆಯಲ್ಲಿ ಹಾಕ್‌ಮ್ಯಾನ್, ಹಾಕ್‌ಗರ್ಲ್ ಇಬ್ಬರನ್ನು ಕೊಲ್ಲುವವರು ಹಳೆಯ ಗೆಳೆಯರಾದ ರಾಲ್ಫ್ ಮತ್ತು ಸೂ ಡಿಬ್ನಿ, ಸತ್ತು ಎದ್ದು ಬಂದವರು. ನಿಮ್ಮವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ ಎಂಬ ಇಡೀ ಈವೆಂಟಿನ ನಿಯಮ ಆ ಕೆಲವು ಪುಟಗಳಲ್ಲಿದೆ.

ಟೈ-ಇನ್‌ಗಳ ಆಯ್ಕೆ

ಸಂಚಿಕೆಯ ಕೊನೆಯಲ್ಲಿ ಅಥವಾ ಪ್ರಕಾಶಕರ ಪ್ರಚಾರದಲ್ಲಿ ಟೈ-ಇನ್‌ಗಳ, ಅಂದರೆ ಈವೆಂಟಿಗೆ ಸಂಬಂಧಪಟ್ಟ ಬೇರೆ ಸರಣಿಗಳ ಸಂಚಿಕೆಗಳ, ಪಟ್ಟಿ ಇರುತ್ತದೆ. ಅಷ್ಟನ್ನೂ ಕೊಳ್ಳಲು ಹೋಗಬೇಡಿ. ಮೊದಲು ಬರಹಗಾರರ ಹೆಸರು ನೋಡಿ: ಮೂಲ ಸರಣಿ ಬರೆದವರೇ ಟೈ-ಇನ್ ಬರೆಯುತ್ತಿದ್ದರೆ ಅದು ಕಥೆಗೆ ಬೇಕಾದದ್ದಾಗಿರುವ ಸಾಧ್ಯತೆ ಹೆಚ್ಚು. 2008ರ ಫೈನಲ್ ಕ್ರೈಸಿಸ್ ಇದಕ್ಕೆ ಕಟುವಾದ ಪಾಠ. ಏಳನೇ ಸಂಚಿಕೆಯಲ್ಲಿ ಎದುರಾಗುವ ಮ್ಯಾಂಡ್ರ್ಯಾಕ್ ಯಾರೆಂದು ಸರಿಯಾಗಿ ತಿಳಿಯುವುದು ಮೂಲ ಸರಣಿಯ ಬರಹಗಾರ ಗ್ರಾಂಟ್ ಮಾರಿಸನ್ ಅವರೇ ಬರೆದ ಎರಡು ಸಂಚಿಕೆಗಳ ಸೂಪರ್‌ಮ್ಯಾನ್ ಬಿಯಾಂಡ್‌ನಲ್ಲಿ. ಅದನ್ನು ಬಿಟ್ಟವರಿಗೆ ಕೊನೆಯ ಖಳ ಆಕಾಶದಿಂದ ಉದುರಿದಂತೆ ಕಂಡ. ಅದೇ ವರ್ಷದ ಸೀಕ್ರೆಟ್ ಇನ್ವೇಷನ್‌ನಲ್ಲೂ ರೂಪ ಬದಲಿಸುವ ಅನ್ಯಗ್ರಹದ ಸ್ಕ್ರಲ್‌ಗಳು ಒಳನುಸುಳಿದ ಬಗೆಯನ್ನು ಅದರ ಬರಹಗಾರ ಬ್ರಯಾನ್ ಮೈಕಲ್ ಬೆಂಡಿಸ್ ತಮ್ಮವೇ ಆದ ಎರಡು ಅವೆಂಜರ್ಸ್ ಸರಣಿಗಳಲ್ಲಿ ಹೇಳಿದರು. ಬೇರೆ ಬರಹಗಾರರ ಸರಣಿಗಳ ಮೇಲೆ ಈವೆಂಟಿನ ಹೆಸರಿನ ಪಟ್ಟಿ ಅಂಟಿಸಿದ್ದರೆ, ಆ ಸರಣಿಯನ್ನು ನೀವು ಮೊದಲೇ ಓದುತ್ತಿದ್ದೀರಾ ಎಂದಷ್ಟೇ ಕೇಳಿಕೊಳ್ಳಿ. ಇಲ್ಲವಾದರೆ ಬಿಡಿ.

ಓದುವ ಕ್ರಮಕ್ಕೆ ಮುಖಪುಟದ ಮೇಲಿನ ತಿಂಗಳನ್ನು ನಂಬಬಾರದು. ಅದು ಮಾರಾಟಕ್ಕೆ ಬಂದ ದಿನಕ್ಕಿಂತ ಎರಡು ಮೂರು ತಿಂಗಳು ಮುಂದಿರುತ್ತದೆ. ಬಿಡುಗಡೆಯ ವಾರವನ್ನೇ ಹಿಡಿಯಿರಿ. ಸಂಚಿಕೆಗಳು ತಡವಾಗುವುದೂ ಉಂಟು. ಸಿವಿಲ್ ವಾರ್‌ನ ನಾಲ್ಕನೇ ಸಂಚಿಕೆ ಮುಂದೆ ಹೋದಾಗ, ಗುಟ್ಟು ಒಡೆಯಬಾರದೆಂದು ಅದಕ್ಕೆ ಹೊಂದಿಕೊಂಡ ಟೈ-ಇನ್‌ಗಳನ್ನೂ ಮಾರ್ವೆಲ್ ಮುಂದೂಡಬೇಕಾಯಿತು.

ಚರ್ಚೆ ನಡೆಸುವುದು

ಚರ್ಚೆಯ ಶೀರ್ಷಿಕೆಯಲ್ಲಿ ಈವೆಂಟಿನ ಹೆಸರು, ಸಂಚಿಕೆಯ ಸಂಖ್ಯೆ, ‘ಸ್ಪಾಯ್ಲರ್ ಇದೆ’ (ಕಥೆಯ ಗುಟ್ಟು ಒಡೆಯುತ್ತದೆ) ಎಂಬ ಮಾತು ಇಷ್ಟೇ ಸಾಕು. ಸತ್ತ ಪಾತ್ರದ ಹೆಸರನ್ನು ಶೀರ್ಷಿಕೆಗೆ ಹಾಕಿದರೆ ಒಳಗೆ ಎಷ್ಟು ಎಚ್ಚರಿಕೆ ಬರೆದರೂ ಪ್ರಯೋಜನವಿಲ್ಲ. ಕೊನೆಯ ಪುಟದ ಚಿತ್ರವನ್ನು ಹಂಚಿಕೊಳ್ಳುವುದಕ್ಕೂ ಇದೇ ಮಾತು.

ಒಳಗೆ, ಪುಟದಲ್ಲಿ ಇರುವುದನ್ನೂ ನಿಮ್ಮ ಊಹೆಯನ್ನೂ ಬೇರೆ ಬೇರೆ ಪ್ಯಾರಾ ಮಾಡಿ. ಊಹೆ ಬರೆಯುವಾಗ ಪುಟ, ಪ್ಯಾನೆಲ್ ತೋರಿಸಿ. ಜೊತೆಗೆ ಮುಂದಿನ ಸಂಚಿಕೆಯಲ್ಲಿ ಏನು ಕಂಡರೆ ಈ ಊಹೆ ಸುಳ್ಳು ಎಂದೂ ಒಂದು ಸಾಲು ಸೇರಿಸಿ. ‘ಇವನು ಸ್ಕ್ರಲ್ ಇರಬಹುದು’ ಎಂಬ ಬರೀ ಮಾತಿಗೆ ಯಾರೂ ಉತ್ತರಿಸಲಾಗದು. ‘12ನೇ ಪುಟದಲ್ಲಿ ಇವನಿಗೆ ಗೊತ್ತಿರಬೇಕಾದ ಸಂಗತಿ ಗೊತ್ತಿಲ್ಲ’ ಎಂದರೆ ನಾಲ್ಕು ಜನ ಆ ಪುಟ ತೆರೆದು ನೋಡುತ್ತಾರೆ.

ಆಧಾರವಲ್ಲದವುಗಳನ್ನು ಆಧಾರ ಮಾಡಿಕೊಳ್ಳುವುದರಿಂದ ಚರ್ಚೆ ಹೆಚ್ಚಾಗಿ ಹಳ್ಳ ಹಿಡಿಯುತ್ತದೆ. ವೇರಿಯಂಟ್ ಮುಖಪುಟಗಳು (ಒಂದೇ ಸಂಚಿಕೆಗೆ ಬರುವ ಪರ್ಯಾಯ ಮುಖಪುಟಗಳು) ಮಾರಾಟಕ್ಕಾಗಿ ಬರೆಸಿದ ಚಿತ್ರಗಳು, ಒಳಗಿನ ಕಥೆಗೆ ಅವು ಬದ್ಧವಲ್ಲ. ಮುಂಬರುವ ತಿಂಗಳುಗಳ ಪ್ರಕಟಣೆಯಲ್ಲಿ ಒಬ್ಬ ಹೀರೋನ ಸರಣಿ ಮುಂದುವರಿದಿದೆ ಎಂದ ಮಾತ್ರಕ್ಕೆ ಕಥೆಗೆ ತೂಕವಿಲ್ಲ ಎನ್ನುವುದೂ ಸರಿಯಲ್ಲ. 1984ರಲ್ಲಿ ಸೀಕ್ರೆಟ್ ವಾರ್ಸ್‌ಗೆ ಹೋದ ಸ್ಪೈಡರ್-ಮ್ಯಾನ್ ತನ್ನ ಸರಣಿಯ 252ನೇ ಸಂಚಿಕೆಯಲ್ಲಿ ಕಪ್ಪು ಉಡುಪು ತೊಟ್ಟು ವಾಪಸಾದ. ಅದು ಸಿಕ್ಕಿದ್ದು ಹೇಗೆಂದು ಓದುಗರಿಗೆ ತಿಳಿದದ್ದು ತಿಂಗಳುಗಳ ನಂತರ, ಮೂಲ ಸರಣಿಯ ಎಂಟನೇ ಸಂಚಿಕೆಯಲ್ಲಿ. ಬದುಕಿ ಬರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಕುತೂಹಲ ಕುಂದಲಿಲ್ಲ.

ಇನ್ನು ಹೊಂದಾಣಿಕೆಯ ತಪ್ಪುಗಳು. ಫೈನಲ್ ಕ್ರೈಸಿಸ್ ಮೊದಲ ಸಂಚಿಕೆಯ ಓರಿಯನ್ ಎಂಬ ಪಾತ್ರದ ಸಾವಿಗೂ ಅದಕ್ಕೆ ಮುನ್ನ ಬಂದ ಕೌಂಟ್‌ಡೌನ್ ಸರಣಿಗೂ ತಾಳೆಯಾಗುವುದಿಲ್ಲ. ಇಂಥದ್ದು ಕಂಡಾಗ ಒಮ್ಮೆ ಹೇಳಿ, ಮೂಲ ಸರಣಿಯನ್ನೇ ಪ್ರಮಾಣವೆಂದು ಇಟ್ಟುಕೊಂಡು ಮುಂದುವರಿಯಿರಿ. ಎರಡನ್ನೂ ಬೆಸೆಯುವ ಸಿದ್ಧಾಂತ ಕಟ್ಟಲು ಹೊರಟರೆ ಸಂಚಿಕೆಯ ಮಾತೇ ಮರೆತುಹೋಗುತ್ತದೆ.

ಎರಡನೇ ಸಂಚಿಕೆ ಕೈಗೆ ಬಂದಾಗ ಅದನ್ನು ತೆರೆಯುವ ಮುನ್ನ ನಿಮ್ಮ ಊಹೆಗಳ ಪಟ್ಟಿ ಒಮ್ಮೆ ಓದಿ, ಮುಗಿಸಿದ ಮೇಲೆ ಸುಳ್ಳಾದವನ್ನು ಹೊಡೆದುಹಾಕಿ. ಹಳೆಯ ಚರ್ಚೆಯಲ್ಲಿ ಆ ಸಾಲುಗಳನ್ನು ಅಳಿಸಬೇಡಿ, ಪಕ್ಕದಲ್ಲಿ ಎರಡನೇ ಸಂಚಿಕೆಯ ಪುಟಸಂಖ್ಯೆ ಬರೆಯಿರಿ. ತಡವಾಗಿ ಓದಲು ಶುರುಮಾಡಿದವರಿಗೆ ಅದರಿಂದ ದಾರಿ ಸಿಗುತ್ತದೆ.