ಮೂವರು ಕೂಡಿಟ್ಟು ತೆರೆದ ಕಾಫಿ ಅಂಗಡಿ

ಹಾಸನದಲ್ಲಿ ನಮ್ಮದೊಂದು ಪುಟ್ಟ ಕಾಫಿ ಅಂಗಡಿ ಇದೆ. ಅಣ್ಣ, ನಾನು, ತಮ್ಮ ಮೂವರೂ ಸಮ ಪಾಲುದಾರರು. ನಿಂತು ಕುಡಿಯುವ ಅಂಗಡಿ, ಒಳಗೆ ಎರಡೇ ಬೆಂಚು. 2024ರ ಶ್ರಾವಣದಲ್ಲಿ ಶುರು ಮಾಡಿದೆವು. ಅದಕ್ಕೂ ಮೊದಲು ಮೂರು ವರ್ಷ, ತಿಂಗಳು ತಪ್ಪದೆ ದುಡ್ಡು ಕೂಡಿಟ್ಟೆವು. ಈಗ ಕಾಫಿ ಕುಡಿಯೋಕೆ ಬರುವ ಹುಡುಗ ಹುಡುಗಿಯರು ಕೌಂಟರಿನ ಹತ್ತಿರ ನಿಂತು ಎರಡು ಪ್ರಶ್ನೆ ಕೇಳುತ್ತಾರೆ. ದುಡ್ಡು ಹೇಗೆ ಹೊಂದಿಸಿದ್ರಿ? ಒಡಹುಟ್ಟಿದವರ ಮಧ್ಯೆ ಜಗಳ ಬರಲ್ವಾ? ಎರಡಕ್ಕೂ ಉತ್ತರ ಒಂದೇ ಲೆಕ್ಕದ ಪುಸ್ತಕದಲ್ಲಿದೆ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಅಪ್ಪ ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು. ಹೂಮಳೆ ಯಾವಾಗ ಬಂತು, ಕಣದಲ್ಲಿ ಎಷ್ಟು ಚೀಲ ಒಣಗಿತು ಅನ್ನುವ ಮಾತು ಕೇಳಿಕೊಂಡೇ ನಾವು ಬೆಳೆದೆವು. ಆದರೆ ತೋಟ ನಮ್ಮದಲ್ಲ, ಒಂದು ಗಿಡವೂ ನಮ್ಮದಲ್ಲ. ಅಣ್ಣ ಪಿಯುಸಿ ಮುಗಿಸಿ ಬೆಂಗಳೂರಿನ ದರ್ಶಿನಿಯೊಂದರಲ್ಲಿ ಕಾಫಿ ಕೌಂಟರ್ ಸೇರಿದ. ನಾನು ಬಿಕಾಂ ಓದಿ ಹಾಸನದ ಆಡಿಟರ್ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ತಮ್ಮ ಟ್ರಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿದ್ದ. ಅಪ್ಪ ರಿಟೈರ್ ಆದ ಮೇಲೆ ಮನೆ ಆಲೂರಿಗೆ ಬಂತು. 2020ರ ಲಾಕ್‌ಡೌನಿನಲ್ಲಿ ಅಣ್ಣ ಊರಿಗೆ ಬಂದವನು, ವಾಪಸ್ ಹೋಗುವ ಮುಂಚೆ ಅಂಗಡಿಯ ಮಾತು ಎತ್ತಿದ. ನನ್ನ ಕೈಯಲ್ಲಿ ಕೆಲಸ ಇದೆ, ನಿನ್ನ ಕೈಯಲ್ಲಿ ಲೆಕ್ಕ ಇದೆ, ತಮ್ಮನಿಗೆ ಗಿರಾಕಿ ಹತ್ತಿರ ಮಾತಾಡೋಕೆ ಬರುತ್ತೆ, ಇನ್ನೇನು ಬೇಕು ಅಂದ. ಬೇಕಾಗಿದ್ದು ದುಡ್ಡು.

ಮೊದಲು ಎಷ್ಟು ಬೇಕು ಅಂತ ಬರೆದೆವು. ಅಂಗಡಿ ಅಡ್ವಾನ್ಸ್ ಒಂದೂವರೆ ಲಕ್ಷ. ಕೌಂಟರ್, ಗ್ರಾನೈಟ್, ನಲ್ಲಿ, ವೈರಿಂಗ್ ಎಲ್ಲ ಸೇರಿ 1.8 ಲಕ್ಷ. ಹಾಲಿನ ಬಾಯ್ಲರ್, ಒಲೆ, ಫ್ರಿಜ್ಜು 1.2 ಲಕ್ಷ. ಗ್ರೈಂಡರ್, ಫಿಲ್ಟರ್, ಪಾತ್ರೆ, ಬೋರ್ಡು, ಲೈಸೆನ್ಸು ಅಂತ ಇನ್ನೊಂದು 90 ಸಾವಿರ. ಒಟ್ಟು 5.4 ಲಕ್ಷ. ಬಹಳ ಜನ ಇಲ್ಲಿಗೇ ಪಟ್ಟಿ ನಿಲ್ಲಿಸುತ್ತಾರೆ. ಆಡಿಟರ್ ಆಫೀಸಿನಲ್ಲಿ ಸಣ್ಣ ಹೋಟೆಲುಗಳ ಪುಸ್ತಕ ಬರೆದು ಬರೆದು ನನಗೆ ಒಂದು ವಿಷಯ ಗೊತ್ತಾಗಿತ್ತು. ಅಂಗಡಿ ಮುಚ್ಚುವುದು ಯಂತ್ರ ಕೊಳ್ಳೋಕೆ ದುಡ್ಡಿಲ್ಲದೆ ಅಲ್ಲ. ನಾಲ್ಕನೇ ತಿಂಗಳ ಬಾಡಿಗೆಗೆ ದುಡ್ಡಿಲ್ಲದೆ. ಅದಕ್ಕೇ ನಾನು ಇನ್ನೂ ಮೂರು ಲಕ್ಷ ಸೇರಿಸಿದೆ. ಮೊದಲ ಆರು ತಿಂಗಳು ಅಂಗಡಿ ನಷ್ಟದಲ್ಲಿ ನಡೆದರೂ ಮನೆಗೆ ಬಿಸಿ ತಟ್ಟಬಾರದು ಅನ್ನೋದು ಲೆಕ್ಕ. ತಮ್ಮ, "ಅದನ್ನ ಬಿಟ್ಟರೆ ಒಂದು ವರ್ಷ ಮುಂಚೇನೇ ತೆರೀಬಹುದಲ್ವಾ?" ಅಂದ. ನಾನು ಬಿಟ್ಟುಕೊಡಲಿಲ್ಲ.

ಇನ್ನು ಯಾರು ಎಷ್ಟು ಹಾಕೋದು. ಅಣ್ಣನಿಗೆ ಸಂಬಳ ಜಾಸ್ತಿ, ಊಟ ವಸತಿ ಹೋಟೆಲಿನದೇ. ತಮ್ಮನಿಗೆ ಆಗ ಹನ್ನೆರಡು ಸಾವಿರ. ಮೂವರೂ ಒಂದೇ ಮೊತ್ತ ಹಾಕಬೇಕು ಅಂದರೆ ತಮ್ಮ ಸಾಲ ಮಾಡಬೇಕು. ಹಾಗಾಗಿ ಅಣ್ಣ ತಿಂಗಳಿಗೆ ಹತ್ತು ಸಾವಿರ, ನಾನು ಆರು, ತಮ್ಮ ಮೂರು ಅಂತ ಮಾಡಿದೆವು. ಈ ಮೊತ್ತವನ್ನು ಒಳ್ಳೆಯ ತಿಂಗಳು ನೋಡಿ ನಿಗದಿ ಮಾಡಲಿಲ್ಲ. ಹಬ್ಬ, ಆಸ್ಪತ್ರೆ, ನೆಂಟರ ಮದುವೆ ಎಲ್ಲ ಒಟ್ಟಿಗೆ ಬಂದ ತಿಂಗಳಲ್ಲೂ ಎಷ್ಟು ಹಾಕೋಕೆ ಆಗುತ್ತೆ ಅಂತ ನೋಡಿದೆವು. ತಿಂಗಳಿಗೆ 19 ಸಾವಿರ, ಮೂರು ವರ್ಷಕ್ಕೆ 6.84 ಲಕ್ಷ.

ಆ ದುಡ್ಡನ್ನು ಎಲ್ಲಿ ಇಟ್ಟೆವು ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳಬೇಕು. ಪೋಸ್ಟಾಫೀಸಿನ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ಐದು ವರ್ಷದ್ದು. ಮೂರು ವರ್ಷ ಆದ ಮೇಲೆ ಮುರಿಸಬಹುದು, ಆದರೆ ಆಗ ಉಳಿತಾಯ ಖಾತೆಯ ಬಡ್ಡಿ ಮಾತ್ರ ಕೊಡುತ್ತಾರೆ. ನಮಗೆ ಮೂರೇ ವರ್ಷಕ್ಕೆ ದುಡ್ಡು ಬೇಕಿತ್ತು. ಹಾಗಾಗಿ ಬ್ಯಾಂಕಿನಲ್ಲಿ ಒಂದೊಂದು ವರ್ಷದ ಆರ್‌ಡಿ ಮಾಡಿಸಿ, ಮುಗಿದ ಹಾಗೆ ಎಫ್‌ಡಿಗೆ ಹಾಕಿದೆವು. ತಿಂಗಳಿಗೆ 12 ಸಾವಿರ ಹೀಗೆ ಹೋಯಿತು. ಐದು ಸಾವಿರ ಚೀಟಿಗೆ. ಉಳಿದ ಎರಡು ಸಾವಿರ ಉಳಿತಾಯ ಖಾತೆಯಲ್ಲೇ ಇತ್ತು, ಆಪತ್ತಿಗೆ ಅಂತ. ಯಾರಿಗಾದರೂ ತುರ್ತು ಬಂದರೆ ಆರ್‌ಡಿ ಮುರಿಯದೆ ಅದರಿಂದ ತೆಗೆದು, ಆಮೇಲೆ ತುಂಬಿಸಬೇಕು.

ಚೀಟಿ ಅಂದರೆ ಮನೆಯಲ್ಲಿ ಎಲ್ಲರಿಗೂ ಭಯ. ಊರಲ್ಲಿ ಚೀಟಿ ನಡೆಸಿ ರಾತ್ರೋರಾತ್ರಿ ಓಡಿಹೋದವರ ಕಥೆ ಯಾರಿಗೆ ಗೊತ್ತಿಲ್ಲ? ಹಾಗಾಗಿ ಪಕ್ಕದ ಮನೆಯ ಚೀಟಿಗೆ ಹೋಗದೆ, 1982ರ ಚಿಟ್ ಫಂಡ್ ಕಾಯ್ದೆಯ ಕೆಳಗೆ ನೋಂದಾಯಿಸಿದ ಚೀಟಿಗೇ ಸೇರಿದೆವು. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮದು ಇಪ್ಪತ್ತು ಜನರ, ಇಪ್ಪತ್ತು ತಿಂಗಳ, ಒಂದು ಲಕ್ಷದ ಚೀಟಿ. ಎಲ್ಲರೂ ಐದೈದು ಸಾವಿರ ಹಾಕಿ ಕೂಡಿದ ಆ ಲಕ್ಷವನ್ನು ಪ್ರತಿ ತಿಂಗಳು ಹರಾಜು ಕೂಗುತ್ತಾರೆ. ದುಡ್ಡಿನ ಅವಸರ ಇದ್ದವರು, "25 ಸಾವಿರ ಬಿಡ್ತೀನಿ, 75 ಕೊಡಿ" ಅಂತ ಎತ್ತುತ್ತಾರೆ. ಆ ಇಪ್ಪತ್ತೈದರಲ್ಲಿ ಐದು ಸಾವಿರ ನಡೆಸುವವರ ಕಮಿಷನ್. ಉಳಿದ ಇಪ್ಪತ್ತು ಸಾವಿರ ಇಪ್ಪತ್ತು ಜನಕ್ಕೆ ಹಂಚಿಕೆ. ಅಂದರೆ ಆ ತಿಂಗಳು ನಾವು ಐದರ ಬದಲು ನಾಲ್ಕು ಸಾವಿರ ಕಟ್ಟಿದರೆ ಸಾಕು. ನಮಗೆ ಅವಸರ ಇರಲಿಲ್ಲ. ಕೊನೆಯ ತಿಂಗಳವರೆಗೂ ಬಾಯಿ ಬಿಡದೆ ಕೂತು, ಕಮಿಷನ್ ಕಳೆದು 95 ಸಾವಿರ ತಗೊಂಡೆವು. ಕಟ್ಟಿದ್ದು ಅದಕ್ಕಿಂತ ಸಾಕಷ್ಟು ಕಡಿಮೆ. ಪ್ರತಿ ತಿಂಗಳು ಉಳಿದ ದುಡ್ಡನ್ನೂ ಆಪತ್ತಿನ ಖಾತೆಗೇ ಹಾಕಿದೆವು. ಕಾಯೋಕೆ ಆಗುವವರಿಗೆ ಚೀಟಿ ಒಳ್ಳೆಯದು. ಮಧ್ಯದಲ್ಲಿ ಎತ್ತುವ ಆಸೆ ಇದ್ದರೆ ಬೇಡವೇ ಬೇಡ.

2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂತು. ಆಲೂರಿಂದ ಹಾಸನಕ್ಕೆ ನನ್ನ ಬಸ್ ಖರ್ಚು ತಿಂಗಳಿಗೆ ಸುಮಾರು ಸಾವಿರ ರೂಪಾಯಿ ನಿಂತಿತು. ಅದನ್ನು ಅವತ್ತಿನಿಂದಲೇ ಅಂಗಡಿ ಖಾತೆಗೆ ತಿರುಗಿಸಿದೆ. ಅದೇ ವರ್ಷ ಅಮ್ಮನಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರತೊಡಗಿತು. ಅಮ್ಮ ಅದನ್ನು ಮನೆ ದಿನಸಿಗೆ ಹಾಕಿ, ತಮ್ಮನ ಹೆಗಲಿನ ಭಾರ ಇಳಿಸಿದರು. ಅಪ್ಪನ ಗ್ರಾಚ್ಯುಯಿಟಿ ದುಡ್ಡು ಮಾತ್ರ ಮುಟ್ಟಲಿಲ್ಲ. ಅಪ್ಪ ತಾವಾಗಿಯೇ ಕೊಡುತ್ತೇನೆ ಅಂದರು, ಮೂವರೂ ಬೇಡ ಅಂದೆವು. ಅಮ್ಮನ ಬಳೆಯನ್ನೂ ಅಡ ಇಡಲಿಲ್ಲ. ಅಪ್ಪ ಅಮ್ಮನ ವಯಸ್ಸಾದ ಕಾಲದ ದುಡ್ಡನ್ನು ಮಕ್ಕಳ ವ್ಯಾಪಾರಕ್ಕೆ ಹಾಕಬಾರದು ಅನ್ನೋದರಲ್ಲಿ ನಾನು ಇವತ್ತಿಗೂ ಗಟ್ಟಿ.

ಈಗ ಜಗಳದ ಪ್ರಶ್ನೆಗೆ ಬರುತ್ತೇನೆ. ಅಣ್ಣ ಹಾಕಿದ್ದು 3.6 ಲಕ್ಷ, ನಾನು 2.16, ತಮ್ಮ 1.08. ಪಾಲು ಯಾರಿಗೆ ಎಷ್ಟು? ದುಡ್ಡಿನ ಲೆಕ್ಕದಲ್ಲಿ ಹಂಚಿದರೆ ತಮ್ಮ ಜೀವನವಿಡೀ ಸಣ್ಣವನೇ. ಸಮ ಹಂಚಿದರೆ ಅಣ್ಣನಿಗೆ ಅನ್ಯಾಯ. ಇದಕ್ಕೆ ದಾರಿ 1932ರ ಪಾಲುದಾರಿಕೆ ಕಾಯ್ದೆಯಲ್ಲೇ ಇದೆ. ಅದರ 13ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆ ಲಾಭ ನಷ್ಟ ಸಮ. ಒಪ್ಪಿಕೊಂಡ ಬಂಡವಾಳಕ್ಕಿಂತ ಜಾಸ್ತಿ ಯಾರಾದರೂ ಹಾಕಿದ್ದರೆ, ಆ ಹೆಚ್ಚಿನ ದುಡ್ಡಿಗೆ ವರ್ಷಕ್ಕೆ ಶೇಕಡಾ 6 ಬಡ್ಡಿ. ನಾವು ಅದನ್ನೇ ಹಿಡಿದೆವು. ತಲಾ 1.08 ಲಕ್ಷ ಬಂಡವಾಳ, ಮೂವರಿಗೂ ಸಮ ಪಾಲು. ಅಣ್ಣನ 2.52 ಲಕ್ಷ, ನನ್ನ 1.08 ಲಕ್ಷ ಅಂಗಡಿಗೆ ಕೊಟ್ಟ ಸಾಲ. ಅಂಗಡಿ ದುಡಿದು ಬಡ್ಡಿ ಸಮೇತ ವಾಪಸ್ ಕೊಡಬೇಕು.

ಇದನ್ನೆಲ್ಲ ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ ಮಾಡಿಸಿ, ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ನೋಂದಣಿ ಮಾಡಿಸಿದೆವು. ನೋಂದಣಿ ಕಡ್ಡಾಯ ಅಲ್ಲ. ಆದರೆ ನೋಂದಣಿ ಇಲ್ಲದ ಸಂಸ್ಥೆ ನಾಳೆ ಯಾರಿಂದಲೋ ಬಾಕಿ ಬರಬೇಕು ಅಂದರೆ ದಾವೆ ಹೂಡೋಕೆ ಆಗಲ್ಲ. ಪತ್ರದಲ್ಲಿ ಎರಡು ಮಾತು ನಾನೇ ಹಟ ಹಿಡಿದು ಸೇರಿಸಿದೆ. ನನಗೆ ಮದುವೆ ಆದ ಮೇಲೂ ಪಾಲು ನನ್ನದೇ, ಯಾವ ಊರಿಗೆ ಹೋದರೂ. ಯಾರಾದರೂ ಬಿಟ್ಟು ಹೋಗಬೇಕು ಅಂದರೆ ಅವರ ಪಾಲಿನ ದುಡ್ಡನ್ನು ಹನ್ನೆರಡು ಕಂತಿನಲ್ಲಿ ಕೊಡಬೇಕು, ಒಂದೇ ಸಲ ಕಿತ್ತುಕೊಂಡು ಅಂಗಡಿ ಮುಳುಗಿಸುವ ಹಾಗಿಲ್ಲ. ನೆಂಟರೊಬ್ಬರು, "ಅಣ್ಣ ತಮ್ಮಂದಿರ ಮೇಲೆ ನಂಬಿಕೆ ಇಲ್ವೇನಮ್ಮ?" ಅಂದರು. ನಂಬಿಕೆ ಇರೋದಕ್ಕೇ ಮೂವರೂ ಕೂತು ಇಷ್ಟು ಬಿಚ್ಚುಮನಸ್ಸಿನಿಂದ ಬರೆಯೋಕೆ ಆಯಿತು. ಪತ್ರ ಆದ ದಿನದಿಂದ ದುಡ್ಡಿನ ವಿಷಯಕ್ಕೆ ನಮ್ಮಲ್ಲಿ ಒಬ್ಬರೂ ಮುಖ ಊದಿಸಿಕೊಂಡಿಲ್ಲ.

ಬಾಡಿಗೆ ಕರಾರಿನಲ್ಲೂ ಎಚ್ಚರ ಬೇಕು. ಎಲ್ಲರೂ 11 ತಿಂಗಳ ಕರಾರು ಮಾಡಿಕೊಡುತ್ತಾರೆ, ಒಂದು ವರ್ಷ ಮೀರಿದರೆ ನೋಂದಣಿ ಬೇಕಾಗುತ್ತೆ ಅಂತ. ಮನೆಗೆ ಅದು ಸರಿ. 1.8 ಲಕ್ಷ ಸುರಿದು ಗ್ರಾನೈಟ್ ಹಾಕಿಸಿದ ಜಾಗವನ್ನು ಹನ್ನೊಂದು ತಿಂಗಳಿಗೆ ಖಾಲಿ ಮಾಡಿ ಅಂದರೆ? ಖರ್ಚಾದರೂ ಐದು ವರ್ಷದ ನೋಂದಾಯಿತ ಕರಾರನ್ನೇ ಮಾಡಿಸಿದೆವು. ನಗರಸಭೆಯ ಟ್ರೇಡ್ ಲೈಸೆನ್ಸ್, ಕಮರ್ಷಿಯಲ್ ಕರೆಂಟು, 19 ಕೆಜಿ ಸಿಲಿಂಡರ್ ಇವು ಓಡಾಡಿದರೆ ಆಗುವ ಕೆಲಸ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನಲ್ಲಿ ನಾವು ಮಾಡಿಸಿದಾಗ 12 ಲಕ್ಷದವರೆಗಿನ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿಯ ನೋಂದಣಿ, ಅದರ ಮೇಲಾದರೆ 2,000ದ ಲೈಸೆನ್ಸು. ಲೆಕ್ಕ ಹಾಕಿ ಎರಡನೆಯದನ್ನೇ ತಗೊಂಡೆವು. ಕೊರತೆ ಬಿದ್ದ ದುಡ್ಡಿಗೆ, ಯಂತ್ರಗಳಿಗೆ ಮಾತ್ರ ಅಂತ, ಸಣ್ಣ ವ್ಯಾಪಾರಕ್ಕೆ ಸಿಗುವ ಮುದ್ರಾ ಯೋಜನೆಯಲ್ಲಿ ಒಂದೂವರೆ ಲಕ್ಷ ಸಾಲ ಮಾಡಿದೆವು. 50 ಸಾವಿರದಿಂದ 5 ಲಕ್ಷದವರೆಗಿನದಕ್ಕೆ ಕಿಶೋರ್ ಅನ್ನುತ್ತಾರೆ.

ಕಾಫಿಯ ವಿಷಯ ಅಣ್ಣನದು, ಆದರೂ ಹೇಳದೆ ಇರೋಕಾಗಲ್ಲ. ಪ್ಲಾಂಟೇಶನ್ ಎ ಅರೇಬಿಕಾ, ಪೀಬೆರಿ, ರೋಬಸ್ಟಾ ಪಾರ್ಚ್‌ಮೆಂಟ್ ಅನ್ನುವ ಮೂರು ಬಗೆಯ ಕಾಫಿ ಬೀಜ ಸೇರಿಸಿ ಹುರಿಸಿ, ನೂರಕ್ಕೆ ಇಪ್ಪತ್ತು ಚಿಕೋರಿ ಹಾಕುತ್ತೇವೆ. ಕಾನೂನು ಶೇಕಡಾ 49ರವರೆಗೆ ಚಿಕೋರಿಗೆ ಅವಕಾಶ ಕೊಡುತ್ತೆ. ಅಷ್ಟು ಹಾಕಿದರೆ ಡಿಕಾಕ್ಷನ್ ಕಪ್ಪಗೆ ಮಂದವಾಗಿ ಇಳಿಯುತ್ತೆ, ಖರ್ಚೂ ಕಡಿಮೆ. ಆದರೆ ನಾಲಿಗೆ ಮೇಲೆ ಕಾಫಿಯ ಘಮ ನಿಲ್ಲಲ್ಲ. ಬೆಳಗಿನ ಜಾವ ಅಣ್ಣ ಫಿಲ್ಟರಿಗೆ ಪುಡಿ ಸುರಿದು, ತಟ್ಟೆಯಿಂದ ಒತ್ತದೆ ಬರೀ ಮಟ್ಟ ಮಾಡುತ್ತಾನೆ. ಕುದಿ ಬಂದು ಒಂದು ಕ್ಷಣ ತಣಿದ ನೀರನ್ನು ಮೊದಲು ಪುಡಿ ನೆನೆಯುವಷ್ಟೇ, ಸುತ್ತ ತಿರುಗಿಸಿ ಹಾಕುತ್ತಾನೆ. ಪುಡಿ ಉಬ್ಬಿ, ಮೇಲೆ ಕಂದು ನೊರೆ ಬಂದು ಒಡೆಯುತ್ತೆ. ಆಮೇಲೆ ಉಳಿದ ನೀರು. ಮೊದಲ ಡಿಕಾಕ್ಷನ್ ಮಾತ್ರ ಗಿರಾಕಿಗೆ. ಎರಡನೇ ಸಲ ನೀರು ಹಾಕಿ ಇಳಿಸಿದ್ದನ್ನು ಬೆರೆಸುವ ಪದ್ಧತಿ ನಮ್ಮಲ್ಲಿಲ್ಲ. ಆರು ಗಂಟೆಗೆ ಬರುವ ಆಟೋದವರು, ಪೇಪರ್ ಹಾಕುವವರು ಒಂದು ಗುಟುಕಿಗೇ ವ್ಯತ್ಯಾಸ ಹೇಳುತ್ತಾರೆ.

ಶುರುವಿನಲ್ಲಿ ಒಂದು ಕಪ್ಪಿನ ಲೆಕ್ಕ ಹೀಗಿತ್ತು. 65 ಎಂಎಲ್ ಹಾಲು, 25 ಎಂಎಲ್ ಡಿಕಾಕ್ಷನ್. ಹಾಲಿಗೆ ಮೂರೂಕಾಲು ರೂಪಾಯಿ, ಎಂಟು ಗ್ರಾಂ ಪುಡಿಗೆ ಹತ್ತಿರ ಹತ್ತಿರ ಐದು, ಸಕ್ಕರೆ ಗ್ಯಾಸು ಸೇರಿ ಇನ್ನೊಂದು. ಒಟ್ಟು ಒಂಬತ್ತು. ಮಾರೋದು 15ಕ್ಕೆ, ಉಳಿಯೋದು ಆರು. ಬಾಡಿಗೆ, ಸಹಾಯಕನ ಸಂಬಳ, ಕರೆಂಟು, ಸಾಲದ ಕಂತು, ಅಣ್ಣನಿಗೆ ಹದಿನೈದು ಸಾವಿರ ಸೇರಿ ತಿಂಗಳಿಗೆ 50 ಸಾವಿರ. ಅಂದರೆ ದಿನಕ್ಕೆ 280 ಕಪ್ಪು ಹೋದರೆ ಸರಿಸಮ. ಮೊದಮೊದಲು ಅದರ ಅರ್ಧವೂ ಕಷ್ಟ. ಹಾಗಾಗಿಯೇ ಅಣ್ಣ ಒಬ್ಬನೇ ಕೆಲಸ ಬಿಟ್ಟಿದ್ದು. ನಾನು, ತಮ್ಮ ನಮ್ಮ ಕೆಲಸ ಇಟ್ಟುಕೊಂಡೇ ಸಂಜೆ ಬಂದು ನಿಲ್ಲುತ್ತಿದ್ದೆವು. ಆ ಮೂರು ಲಕ್ಷ ತಿಂಗಳು ತಿಂಗಳು ಕರಗುತ್ತಿತ್ತು. ಕರಗೋಕೆ ಅಂತಲೇ ಇಟ್ಟಿದ್ದರಿಂದ ನಿದ್ದೆ ಕೆಡಲಿಲ್ಲ. ದೀಪಾವಳಿ ಹೊತ್ತಿಗೆ ಹಾಸನಾಂಬೆ ಬಾಗಿಲು ತೆರೆದಾಗ ರಾತ್ರಿಯೆಲ್ಲ ಕ್ಯೂ. ಮೂವರೂ ರಜೆ ಹಾಕಿ ನಿಂತೆವು, ಹಾಲು ಕಾಯಿಸಿದಷ್ಟೂ ಖಾಲಿ. ಆ ದಿನಗಳ ದುಡ್ಡನ್ನು ತಿಂಗಳ ಸರಾಸರಿಗೆ ಸೇರಿಸದೆ ಬೇರೆ ಇಟ್ಟೆ. ವರ್ಷಕ್ಕೊಮ್ಮೆ ಬರುವ ಜನವನ್ನು ನಂಬಿ ಬಾಡಿಗೆ ಕಟ್ಟೋಕಾಗಲ್ಲ.

ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಂದು ಕಾಫಿ ಬೆಲೆ ಆಗಲೇ ಏರುತ್ತಿತ್ತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಬೆಳೆಗಾರರಿಗೆ ಬಹಳ ವರ್ಷದ ಮೇಲೆ ಕೈ ತುಂಬಿತು, ಅಪ್ಪನಿಗೆ ಅದು ಖುಷಿ. ನಮ್ಮ ಪುಡಿ ಮಾತ್ರ ಕೆಜಿಗೆ 600ರಿಂದ 800ರ ಹತ್ತಿರ ಹೋಯಿತು. ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಆರು ರೂಪಾಯಿ ಉಳಿಯುತ್ತಿದ್ದಲ್ಲಿ ನಾಲ್ಕು. ಚಿಕೋರಿ ಹೆಚ್ಚಿಸಿ ಅಂತ ಕೆಲವರು ಹೇಳಿದರು. ಅಣ್ಣ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಕಾರಣವನ್ನು ಬೋರ್ಡಿನಲ್ಲಿ ಬರೆದು ಹಾಕಿ ಕಪ್ಪಿಗೆ 18 ಮಾಡಿದೆವು. ಗಿರಾಕಿಗಳು ಉಳಿದರು. ಆ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಸುತ್ತಮುತ್ತ ಗಾಬರಿಯೋ ಗಾಬರಿ. ಹೋಟೆಲಿಗೆ ವರ್ಷದ ವಹಿವಾಟು 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕೇ ಬೇಕು. ನಮ್ಮದು ಅದರ ಅಂಚಿಗೆ ಬರುವ ಮುಂಚೆಯೇ, ಸಣ್ಣ ವ್ಯಾಪಾರಿಗಳಿಗೆ ಇರುವ ಕಾಂಪೋಸಿಷನ್ ಪದ್ಧತಿಯಲ್ಲಿ ಮಾಡಿಸಿದ್ದೆ. ವಹಿವಾಟಿನ ಶೇಕಡಾ 5 ನಾವೇ ಕಟ್ಟಬೇಕು, ಗಿರಾಕಿಯಿಂದ ವಸೂಲಿ ಮಾಡುವ ಹಾಗಿಲ್ಲ. ಹಾಗಾಗಿ 18 ರೂಪಾಯಿಯೊಳಗೇ ಅದೂ ಸೇರಿದೆ.

ಅಂಗಡಿಯಿಂದ ನನಗೆ ಬರಬೇಕಿದ್ದ ಸಾಲ ಪೂರ್ತಿ ತೀರಿತು, ಅಣ್ಣನದು ಇನ್ನೂ ಅರ್ಧ ಬಾಕಿ. ತಮ್ಮ ಕೆಲಸ ಬಿಟ್ಟು ಪೂರ್ತಿ ಅಂಗಡಿಗೆ ಬರುವುದು ಅಂತಾಗಿದೆ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಕಾಫಿ ಬೋರ್ಡ್ ನಡೆಸುವ ಕಾಪಿ ಶಾಸ್ತ್ರ ತರಬೇತಿಗೆ ಅವನನ್ನು ಕಳಿಸುತ್ತಿದ್ದೇವೆ, ಹುರಿಯೋದು ಕಲಿತು ಬರಲಿ ಅಂತ. ಸ್ವಂತಕ್ಕೆ ಒಂದು ಸಣ್ಣ ರೋಸ್ಟರ್ ತಗೊಳ್ಳೋಕೆ ಹೊಸ ಚೀಟಿ ಹಾಕಿದ್ದೇವೆ. ಈ ಸಲ ತಿಂಗಳ ಕಂತು ಮೂವರಿಗೂ ಒಂದೇ.